ಅಂಗಳದ ಅರ್ತಿಂಗ್ ಗುಂಡಿ

ಮಾರ್ಚ್ 3, ಸೋಮವಾರ

ಕಾರು ಬಂತು. ಹೊಸದಲ್ಲ. ಮಗಳು ಕವನಳ ಆಸ್ಪತ್ರೆಯ ಡಾಕ್ಟರೊಬ್ಬರು ಮೂರು ವರ್ಷ ಓಡಿಸಿದ ಕರೆಂಟಿನ ಕಾರು. ಅವಳಿಗೆ ಭದ್ರಾವತಿಯ ಆಸ್ಪತ್ರೆಯಲ್ಲಿ ಲ್ಯಾಬ್ ಕೆಲಸ. ವಾರದಲ್ಲಿ ಮೂರು ದಿನ ಬೆಳಿಗ್ಗೆ ಆರೂವರೆಗೆ ಅಲ್ಲಿರಬೇಕು. ನಮ್ಮ ಗೋಪಾಳದಿಂದ ಆಟೋ, ಆಮೇಲೆ ಬಸ್ಸು, ಅಲ್ಲಿಳಿದು ಮತ್ತೆ ಆಟೋ. ಅವಳಮ್ಮ ಹಾಸಿಗೆ ಹಿಡಿದಾಗ ಮೈಸೂರಿನ ಕೆಲಸ ಬಿಟ್ಟು ಬಂದವಳು, ಅಂದಿನಿಂದ ಇದೇ ಓಡಾಟ. ಕಣ್ಣ ಕೆಳಗೆ ಕಪ್ಪು ಬಿದ್ದಿದೆ. ಕಾರು ಬರಲಿ ಎಂದು ನಾನೂ ಹೇಳಿದ್ದೆ.

ಸಂಜೆ ಅದರ ಚಾರ್ಜರನ್ನು ವಾಷಿಂಗ್ ಮಷೀನಿನ ದೊಡ್ಡ ಪ್ಲಗ್ಗಿಗೆ ಹಾಕಿದೆವು. ಚಾರ್ಜರಿನ ಡಬ್ಬಿಯಲ್ಲಿ ಕೆಂಪು ದೀಪ ಮಿಣುಕತೊಡಗಿತು. ಮನೆಯ ಅರ್ತಿಂಗ್ ಸರಿಯಿಲ್ಲ ಎಂದು ಅದರ ಅರ್ಥವಂತೆ. ಹಸಿರು ಬರುವವರೆಗೆ ಕಾರು ಚಾರ್ಜ್ ಆಗುವುದಿಲ್ಲ.

ಈ ಮನೆಯ ವೈರಿಂಗ್ ನಾನೇ ಮಾಡಿದ್ದು. ಕಾರ್ಖಾನೆಯ ಎಲೆಕ್ಟ್ರಿಕಲ್ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದವನು ನಾನು. ಅಂಗಳದಲ್ಲಿ ಎಂಟಡಿ ಗುಂಡಿ ತೋಡಿಸಿ, ಪೈಪು ಇಳಿಸಿ, ಸುತ್ತ ಉಪ್ಪು ಇದ್ದಿಲು ಪದರ ಪದರವಾಗಿ ನನ್ನ ಕೈಯಾರೆ ತುಂಬಿದ್ದೇನೆ. ಎಲ್ಲಾದರೂ ಕರೆಂಟ್ ಸೋರಿದರೆ ಅದು ಮನುಷ್ಯರ ಮೈಗೆ ಹೊಡೆಯದೆ ಆ ಗುಂಡಿಯೊಳಗಿಂದ ನೆಲಕ್ಕೆ ಇಳಿದುಹೋಗಬೇಕು. ಈಗ ಒಂದು ಪ್ಲಾಸ್ಟಿಕ್ ಡಬ್ಬಿ ಬಂದು ನನಗೆ ಅರ್ತಿಂಗ್ ಪಾಠ ಹೇಳುತ್ತಿದೆ.

‘ಮೂರು ಜನರ ಹತ್ರ ಕೊಟೇಶನ್ ತಗೊ ಅಪ್ಪಾ. ನೀನು ಮಾತ್ರ ಏಣಿ ಹತ್ತಬೇಡ,’ ಎಂದಳು ಕವನ. ನನ್ನ ಕೈ ನಡುಗುವುದು ಅವಳಿಗೆ ಗೊತ್ತು.

ಹೆಂಡತಿ ಈಶ್ವರಿ ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಅಲ್ಲಿಂದೀಚೆಗೆ ಈ ಪುಸ್ತಕ ತೆರೆದಿರಲಿಲ್ಲ, ಬರೆಯುವಂಥದ್ದೇನೂ ಆಗಲಿಲ್ಲ. ಕಾರ್ಖಾನೆಯಲ್ಲಿ ಶಿಫ್ಟ್ ಪುಸ್ತಕ ಬರೆದ ಚಾಳಿಯಿಂದ ಇದನ್ನು ಬರೆದಿಡುತ್ತೇನೆ. ಯಾರು ಬಂದರು, ಏನು ನೋಡಿದರು, ಏನು ಹೇಳಿದರು, ಅಷ್ಟೇ.

ಮಾರ್ಚ್ 6, ಗುರುವಾರ

ಮೊದಲನೆಯವನು ರೂಪೇಶ್. ಸರ್ಕಲ್ಲಿನ ಹತ್ತಿರ ಅಂಗಡಿ. ಹತ್ತಕ್ಕೆ ಬರ್ತೀನಿ ಎಂದವನು ಹನ್ನೆರಡೂವರೆಗೆ ಬಂದ. ಯಾರ ಜೊತೆಗೋ ಫೋನಿನಲ್ಲಿ ಮಾತಾಡುತ್ತಲೇ ಮೀಟರ್ ಬೋರ್ಡ್ ಬಿಚ್ಚಿದ.

‘ಯಾರು ಸರ್ ಈ ವೈರಿಂಗ್ ಮಾಡಿದ್ದು?’

‘ಯಾರೋ ಹಳಬರು,’ ಎಂದೆ.

‘ಅದೇ ಅಂದ್ಕೊಂಡೆ. ದಾರ ಹಾಕಿ ಹೊಲಿದಿಟ್ಟಿದಾರೆ. ಈಗ ಯಾರೂ ಹಿಂಗೆ ಮಾಡಲ್ಲ. ಎಲ್ಲಾ ಕಿತ್ತು ಹಾಕ್ಬೇಕಾಗುತ್ತೆ.’

ವೈರಿನ ಕಟ್ಟಿಗೆ ನಾಲ್ಕು ನಾಲ್ಕು ಇಂಚಿಗೆ ಮೇಣದ ದಾರ ಕಟ್ಟಿದ್ದೇನೆ, ಕಾರ್ಖಾನೆಯ ಪ್ಯಾನೆಲ್‌ಗಳಲ್ಲಿ ಕಟ್ಟುತ್ತಿದ್ದ ಹಾಗೆ. ಇಪ್ಪತ್ನಾಲ್ಕು ವರ್ಷದಲ್ಲಿ ಒಂದು ಗಂಟೂ ಬಿಚ್ಚಿಲ್ಲ. ನಾನೇ ಕಟ್ಟಿದ್ದು ಎಂದಿದ್ದರೆ ಅವನು ನಕ್ಕಿರುತ್ತಿದ್ದ.

ಅಂಗಳಕ್ಕೆ ಬಂದವನು ಗುಂಡಿಯ ಮುಚ್ಚಳ ನೋಡಿ ಚಪ್ಪಲಿ ಕಳಚಿದ. ಆ ಸಿಮೆಂಟ್ ಮುಚ್ಚಳದ ಮೇಲೆ ಅರಿಶಿನ ಕುಂಕುಮದ ಹಳೆಯ ಕಲೆ ಇದೆ. ‘ದೇವರ ಕಲ್ಲಾ ಸರ್?’ ಎಂದು ಕೇಳಿದ. ‘ಅರ್ತಿಂಗ್ ಗುಂಡಿ ಮಾರಾಯ,’ ಎಂದೆ. ಬಹಳ ದಿನದ ಮೇಲೆ ನಗು ಬಂತು. ಆಯುಧಪೂಜೆಯ ದಿನ ಈಶ್ವರಿ ಇಸ್ತ್ರಿಪೆಟ್ಟಿಗೆಗೂ ಕುಂಕುಮ ಇಡುತ್ತಿದ್ದಳು. ಇದಕ್ಕೂ ಇಟ್ಟಿರಬೇಕು.

ಮುಚ್ಚಳ ಎತ್ತಿ ಟಾರ್ಚ್ ಬಿಟ್ಟು ನೋಡಿ, ‘ಇದು ಸತ್ತೋಗಿದೆ ಸರ್,’ ಎಂದ. ಅಳೆಯಲಿಲ್ಲ, ಮುಟ್ಟಲೂ ಇಲ್ಲ. ಮೂವತ್ತೆಂಟು ಸಾವಿರ ಹೇಳಿ ಹೋದ.

ಮಾರ್ಚ್ 8, ಶನಿವಾರ

ಎರಡನೆಯವರು ಹರ್ಷವರ್ಧನ. ಇಸ್ತ್ರಿ ಅಂಗಿ, ಹೊಳೆಯುವ ಬೂಟು. ಮೀಟರಿನಿಂದ ಕಾರು ನಿಲ್ಲುವ ಜಾಗಕ್ಕೆ ಲೇಸರ್ ಬಿಟ್ಟು ದೂರ ಅಳೆದರು. ಮಾತೆಲ್ಲ ಮರ್ಯಾದೆಯದು. ಸುಸ್ತಾದದ್ದು ನನಗೇ.

‘ಟೈಲ್ಸ್ ಚೆನ್ನಾಗಿ ಹಾಕ್ಸಿದೀರ ಸರ್. ಅದನ್ನ ಹಾಳು ಮಾಡಲ್ಲ. ಮೂಲೇಲಿ ಹೊಸದಾಗಿ ಕೆಮಿಕಲ್ ಅರ್ತಿಂಗ್ ಹಾಕ್ತೀವಿ. ನೀರು ಗೀರು ಏನೂ ಬೇಡ. ಹಾಕಿ ಮರೆತುಬಿಡಬಹುದು.’

‘ನಮ್ಮದನ್ನೂ ಹಾಗೇ ಮರೆತು ಬಿಟ್ಟಿದೀವಿ. ಇಪ್ಪತ್ನಾಲ್ಕು ವರ್ಷದಿಂದ ನಾನು ಕೈ ಇಟ್ಟಿಲ್ಲ,’ ಎಂದೆ.

ಅವರು ಒಮ್ಮೆ ಗುಂಡಿಯ ಮುಚ್ಚಳದತ್ತ ನೋಡಿ ಲೇಸರನ್ನು ಚೀಲಕ್ಕೆ ಹಾಕಿಕೊಂಡರು. ಸಂಜೆ ಫೋನಿಗೆ ಆರು ಪುಟದ ಕೊಟೇಶನ್ ಬಂತು. ರೂಪೇಶ ಹೇಳಿದ್ದರ ಎರಡರಷ್ಟು.

ಟೈಲ್ಸ್ ಹಾಕಿಸಿದ್ದು ಕಳೆದ ವರ್ಷ, ಮಳೆಗಾಲಕ್ಕೆ ಮುಂಚೆ. ಸಾರಿಸಿ ರಂಗೋಲಿ ಇಡುವವರು ಇಲ್ಲದ ಮೇಲೆ ಮಣ್ಣಿನ ಅಂಗಳ ನೋಡಲು ಆಗುತ್ತಿರಲಿಲ್ಲ. ಈಗ ಒಂದು ಹನಿ ನೀರೂ ನೆಲಕ್ಕೆ ಇಳಿಯುವುದಿಲ್ಲ, ಎಲ್ಲ ಚರಂಡಿಗೆ. ಚೊಕ್ಕವಾಗಿದೆ.

ಅರ್ತಿಂಗ್ ಪರೀಕ್ಷೆ ಮಾಡುವ ನನ್ನ ಬಲ್ಬು ಅಟ್ಟದ ಮೇಲೆಲ್ಲೋ ಇದೆ. ಹುಡುಕಲಿಲ್ಲ. ನನ್ನ ಅರ್ತಿಂಗನ್ನು ನಾನೇ ಅನುಮಾನಿಸಲೇ?

ಮಾರ್ಚ್ 11, ಮಂಗಳವಾರ

ಹೆದ್ದಾರಿಯ ಹೋಟೆಲಿನ ಹತ್ತಿರ ಚಾರ್ಜ್ ಮಾಡುವ ಜಾಗ ಒಂದಿದೆ. ಕವನ ಶಿಫ್ಟ್ ಮುಗಿಸಿ ಅಲ್ಲಿ ಸಾಲಿನಲ್ಲಿ ನಿಂತು, ಇವತ್ತು ಮನೆಗೆ ಬಂದಾಗ ಎಂಟು ಗಂಟೆ. ಕಾರಿಲ್ಲದಾಗಲೇ ಬೇಗ ಬರುತ್ತಿದ್ದೆ ಎಂದಳು. ನನ್ನ ಮೇಲಿನ ಸಿಟ್ಟಲ್ಲ, ಬರೀ ದಣಿವು. ಊಟ ಬಡಿಸಿದೆ. ತಟ್ಟೆಯ ಮುಂದೆಯೇ ತೂಕಡಿಸಿದಳು.

ಇನ್ನೊಂದು ಮಾತು. ವಾಷಿಂಗ್ ಮಷೀನ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದಂತೆ. ಎರಡು ಮೂರು ತಿಂಗಳಿಂದ ಹೇಳುತ್ತಿದ್ದಾಳೆ. ಚಪ್ಪಲಿ ಹಾಕಿಕೊಂಡು ಮುಟ್ಟು ಎಂದಿದ್ದೆ. ಇವತ್ತೂ ಅದನ್ನೇ ಅಂದೆ.

ಮಾರ್ಚ್ 13, ಗುರುವಾರ

ಮೂರನೆಯವನು ಶಿವಯೋಗಿ. ಸ್ಕೂಟರಿನಲ್ಲಿ ಒಂದು ಕೈಚೀಲ, ಅಷ್ಟೇ. ಐದು ನಿಮಿಷ ನೋಡಿ, ಮೊದಲಿಬ್ಬರು ಹೇಳಿದ ರೇಟು ಕೇಳಿದ.

‘ಅವರಿಬ್ಬರೂ ನಿಮಗೆ ಟೋಪಿ ಹಾಕ್ತಿದಾರೆ ಸರ್. ಪ್ಲಗ್ಗಿನ ಒಳಗೆ ನ್ಯೂಟ್ರಲ್‌ನಿಂದ ಅರ್ತ್ ಪಿನ್ನಿಗೆ ಒಂದು ತುಂಡು ವೈರು ಸೇರಿಸಿದ್ರೆ ಆಯ್ತು. ಅರ್ತಿಂಗ್ ಇದೆ ಅಂತ ಚಾರ್ಜರ್ ನಂಬುತ್ತೆ. ಗ್ರೀನ್ ಬರುತ್ತೆ. ಐನೂರು ಕೊಡಿ ಸಾಕು.’

ಎದ್ದು ಹೋಗು ಎಂದೆ. ಕರೆಂಟ್ ವಾಪಸು ಹೋಗುವ ನ್ಯೂಟ್ರಲ್ ವೈರು ಕಂಬದ ಹತ್ತಿರ ಒಂದು ದಿನ ಕಡಿದರೆ ಕಾರಿನ ಮೈಯೆಲ್ಲ ಕರೆಂಟ್. ಬಾಗಿಲಿಗೆ ಕೈ ಇಟ್ಟವರ ಗತಿ ಮುಗಿಯಿತು.

ಇದೇ ಕೆಲಸ ಮಾಡಿದ್ದಕ್ಕೆ ಹಾಲೇಶನಿಗೆ ನಾನು ಬಹಳ ವರ್ಷದ ಹಿಂದೆ ಬೈದದ್ದು. ನನ್ನ ಕೈಕೆಳಗೆ ಕೆಲಸ ಕಲಿತವನು. ನ್ಯೂ ಟೌನಿನ ಒಂದು ಮನೆಯಲ್ಲಿ, ಕೆಲಸ ಬೇಗ ಮುಗಿಯಲಿ ಎಂದು ಹೀಗೇ ತುಂಡು ವೈರು ಸೇರಿಸಿದ್ದ. ಹತ್ತು ಜನರೆದುರು ಅವನ ಟೆಸ್ಟರ್ ಕಿತ್ತು ಬೀದಿಗೆ ಎಸೆದೆ. ‘ಮೊದಲು ನಿನ್ನ ಹೆಂಡತಿ ಕೈಯಲ್ಲಿ ಮುಟ್ಟಿಸಿ ನೋಡು’ ಎಂದೆ. ಅವನ ಮದುವೆಯಾಗಿ ತಿಂಗಳಾಗಿತ್ತು. ಬೈದದ್ದು ಸರಿ. ಆ ಮಾತು ಸರಿಯಲ್ಲ. ಈಗ ಭದ್ರಾವತಿಯ ಓಲ್ಡ್ ಟೌನಿನಲ್ಲಿ ಅವನ ಅಂಗಡಿ ಇದೆ, ಒಳ್ಳೆಯ ಹೆಸರಿದೆ. ಯಾರನ್ನು ಕೇಳಿದರೂ ಹಾಲೇಶನ್ನ ಕರೀರಿ ಅನ್ನುತ್ತಾರೆ. ಯಾವ ಮುಖ ಇಟ್ಟುಕೊಂಡು ಕರೆಯಲಿ.

ಮಾರ್ಚ್ 16, ಭಾನುವಾರ

ಬರೆಯಬಾರದು ಅಂದುಕೊಂಡಿದ್ದೆ. ಶಿಫ್ಟ್ ಪುಸ್ತಕದಲ್ಲಿ ತಪ್ಪನ್ನು ಬರೆಯದೆ ಬಿಟ್ಟವರಿಗೆ ನಾನೇ ಮೆಮೋ ಕೊಡಿಸಿದ್ದೇನೆ. ಆದ್ದರಿಂದ ಬರೆಯುತ್ತೇನೆ.

ಊಟವಾದ ಮೇಲೆ ಕವನ ಮಲಗಿದ್ದಳು. ಮೇನ್ ಆಫ್ ಮಾಡಿ, ಪ್ಲಗ್ಗು ಬಿಚ್ಚಿ, ಆ ತುಂಡು ವೈರನ್ನು ನಾನೇ ಸೇರಿಸಿದೆ. ಕೈ ನಡುಗಿ ಸ್ಕ್ರೂ ಎರಡು ಸಲ ಬಿತ್ತು. ಹಸಿರು ದೀಪ ಬಂತು.

ಕವನ ಎದ್ದು ಬಂದವಳು ದೀಪ ನೋಡಿ ನನ್ನ ಭುಜ ಹಿಡಿದುಕೊಂಡಳು. ‘ನೀನೇ ಸರಿ ಮಾಡಿದ್ಯಾ ಅಪ್ಪಾ? ನಂಗೊತ್ತಿತ್ತು, ನಿನ್ನ ಕೈಲೇ ಆಗುತ್ತೆ ಅಂತ.’ ಅಷ್ಟು ಸಂತೋಷದ ಮುಖ ನೋಡಿ ಒಂದು ವರ್ಷದ ಮೇಲಾಗಿತ್ತು. ಅವಳು ಕಾರಿನಲ್ಲಿಟ್ಟ ಚೀಲ ತರಲು ಹೊರಟಳು. ಮುಟ್ಟಬೇಡ ಎಂದು ಕೂಗಿದೆ. ಗಾಬರಿಯಾಗಿ ನಿಂತಳು. ಚಾರ್ಜ್ ಆಗುವಾಗ ಬಾಗಿಲು ತೆಗೀಬಾರದಂತೆ ಎಂದು ಸುಳ್ಳು ಹೇಳಿದೆ.

ಆಮೇಲೆ ಕುರ್ಚಿ ತಂದು ಕಾರಿನ ಪಕ್ಕ ಕುಳಿತೆ. ನಾಲ್ಕು ಗಂಟೆ ಕುಳಿತೆ, ಯಾರೂ ಹತ್ತಿರ ಬಾರದ ಹಾಗೆ. ಬೆಕ್ಕೊಂದು ಬಂದರೆ ಅದನ್ನೂ ಓಡಿಸಿದೆ. ಕವನ ಕಾಫಿ ತಂದಾಗ ಎದ್ದು ಮೆಟ್ಟಿಲಿಗೇ ಹೋಗಿ ಇಸಿದುಕೊಂಡೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಏಳು ಗಂಟೆಗೆ ಪ್ಲಗ್ಗು ಕಿತ್ತೆ, ವೈರು ಬಿಚ್ಚಿದೆ. ಅಂಗಿ ಜೇಬಿನಲ್ಲಿದೆ ಆ ತುಂಡು. ನಾಲ್ಕಂಗುಲ ಇಲ್ಲ.

ಮಾರ್ಚ್ 17, ಸೋಮವಾರ

ಮತ್ತೆ ಕೆಂಪು. ಕವನ ಕೇಳಿದಳು. ಲೂಸ್ ಕಾಂಟ್ಯಾಕ್ಟ್ ಎಂದೆ.

ಮಾರ್ಚ್ 19, ಬುಧವಾರ

ಬೆಳಿಗ್ಗೆ ಕವನಳ ಜೊತೆ ಕಾರಿನಲ್ಲಿ ಭದ್ರಾವತಿಗೆ ಹೋದೆ. ದಾರಿಯಲ್ಲಿ ಎಲ್ಲ ಹೇಳಿದೆ. ಅವಳು ಕಾರಿನ ವೇಗ ತಗ್ಗಿಸಿದಳು.

‘ಅದಕ್ಕೇನಾ ಕಾವಲು ಕೂತಿದ್ದು?’

‘ಹೂಂ.’

‘ನೀನು ಮುಟ್ಟಿದ್ರೆ?’

ಅದನ್ನು ನಾನು ಯೋಚಿಸಿರಲೇ ಇಲ್ಲ. ಹಾಗೆ ಹೇಳಿದ್ದಕ್ಕೆ ಅವಳಿಗೆ ಇನ್ನೂ ಸಿಟ್ಟು ಬಂತು. ಓಲ್ಡ್ ಟೌನಿನಲ್ಲಿ ನನ್ನನ್ನು ಇಳಿಸಿ ಆಸ್ಪತ್ರೆಗೆ ಹೋದಳು.

ಹಾಲೇಶನ ಅಂಗಡಿ ಬಾಗಿಲು ತೆಗೆಯಲು ಇನ್ನೂ ಎರಡು ಗಂಟೆ ಇತ್ತು. ಎದುರಿನ ಕಟ್ಟೆಯ ಮೇಲೆ ಕುಳಿತೆ. ಬಂದವನು ಕಿವಿಯ ಹತ್ತಿರ ನರೆತಿದ್ದಾನೆ, ಕನ್ನಡಕ ಬಂದಿದೆ. ನನ್ನನ್ನು ಕಂಡು ಷಟರ್ ಅರ್ಧ ಎತ್ತಿದ ಕೈ ಹಾಗೇ ನಿಂತಿತು. ‘ಬನ್ನಿ ಅಣ್ಣಾ,’ ಎಂದ. ಕಾಫಿ ತರಿಸಿದ. ಈಶ್ವರಿ ಅಕ್ಕ ಹೋದ ಸುದ್ದಿ ತಡವಾಗಿ ಗೊತ್ತಾಯ್ತು, ಬರೋಕೆ ಧೈರ್ಯ ಆಗಲಿಲ್ಲ ಎಂದ.

ಜೇಬಿನಿಂದ ಆ ತುಂಡು ವೈರು ತೆಗೆದು ಅವನ ಮೇಜಿನ ಮೇಲಿಟ್ಟೆ. ಏನೆಂದು ಬಾಯಿ ಬಿಟ್ಟು ಹೇಳಬೇಕಾಗಲಿಲ್ಲ.

‘ಎಷ್ಟು ಹೊತ್ತಿತ್ತು?’ ಎಂದು ಕೇಳಿದ.

‘ನಾಲ್ಕು ಗಂಟೆ. ಪಕ್ಕದಲ್ಲೇ ಕೂತಿದ್ದೆ.’

‘ನಾನು ಅವತ್ತು ಹಾಕಿಟ್ಟು ಮನೆಗೆ ಹೋಗಿದ್ದೆ ಅಣ್ಣಾ,’ ಎಂದ. ‘ನೀವು ನೋಡದೇ ಇದ್ದಿದ್ರೆ ಅದು ಹಂಗೇ ಇರ್ತಿತ್ತು.’

‘ಅವತ್ತು ನಾನು ಆ ಮಾತು ಆಡಬಾರದಿತ್ತು,’ ಎಂದೆ. ಅವನು ವೈರಿನ ತುಂಡನ್ನು ಕಸದ ಡಬ್ಬಿಗೆ ಹಾಕಿದ. ನಾಳೆ ಬರ್ತೀನಿ ಎಂದ.

ಮಾರ್ಚ್ 20, ಗುರುವಾರ

ಹೇಳಿದ ಹೊತ್ತಿಗೆ ಬಂದ. ಬೋರ್ಡ್ ಬಿಚ್ಚಿ ಮೇಣದ ದಾರದ ಗಂಟುಗಳ ಮೇಲೆ ಬೆರಳಾಡಿಸಿದ. ರೂಪೇಶ ಅಂದದ್ದನ್ನು ಹೇಳಿದೆ. ‘ಇದನ್ನ ಕೀಳೋಕೆ ಹೇಳಿದ್ರಾ?’ ಎಂದಷ್ಟೇ ಕೇಳಿದ. ನನಗೆ ಅಷ್ಟು ಸಾಕಿತ್ತು.

ಅರ್ತಿಂಗ್ ನೋಡಲು ಯಂತ್ರ ಏನೂ ತಂದಿರಲಿಲ್ಲ. ನಾನು ಕಲಿಸಿದ ಹಾಗೆ ಹೋಲ್ಡರಿಗೆ ಎರಡು ವೈರು ಕಟ್ಟಿದ ನೂರು ವ್ಯಾಟಿನ ಬಲ್ಬು. ಒಂದು ತುದಿ ಕರೆಂಟಿಗೆ, ಇನ್ನೊಂದು ಅರ್ತಿಗೆ. ಅರ್ತಿಂಗ್ ಗಟ್ಟಿ ಇದ್ದರೆ ಬಲ್ಬು ಪೂರ್ತಿ ಉರಿಯಬೇಕು. ನನ್ನ ಮನೆಯಲ್ಲಿ ಅದರ ಒಳಗಿನ ಎಳೆ ಊದುಬತ್ತಿಯ ತುದಿಯಷ್ಟು ಕೆಂಪಾಯಿತು. ಅದಕ್ಕಿಂತ ಮೇಲೇರಲಿಲ್ಲ. ಹಾಲೇಶ್ ನನ್ನ ಮುಖ ನೋಡಲಿಲ್ಲ. ಅದು ಅವನ ದೊಡ್ಡತನ.

ಮುಚ್ಚಳ ಎತ್ತಿ, ಮೊಣಕೈವರೆಗೆ ಕೈ ಇಳಿಸಿ, ಒಂದು ಹಿಡಿ ಇದ್ದಿಲ ಪುಡಿ ತೆಗೆದು ನನ್ನ ಅಂಗೈಗೆ ಹಾಕಿದ. ಊದಿದರೆ ಹಾರುವಷ್ಟು ಒಣಗಿತ್ತು.

‘ಇದಕ್ಕೆ ನೀರು ಯಾರು ಹಾಕ್ತಿದ್ರು ಅಣ್ಣಾ?’

ಯಾರೂ ಇಲ್ಲ ಎನ್ನಲು ಬಾಯಿ ತೆರೆದೆ.

‘ಅಮ್ಮ,’ ಎಂದಳು ಬಾಗಿಲಲ್ಲಿ ನಿಂತಿದ್ದ ಕವನ. ‘ದಿನಾ ಸ್ನಾನ ಆದ್ಮೇಲೆ ಒಂದು ಕೊಡ ಹಾಕ್ತಿದ್ಲು. ಕುಂಕುಮ ಬೇರೆ ಇಡ್ತಿದ್ಲಲ್ಲ, ನಾನು ಅದೇನೋ ಭೂತಪ್ಪನ ಕಲ್ಲು ಅಂದ್ಕೊಂಡಿದ್ದೆ. ನಿಂಗೆ ಗೊತ್ತಿರಲಿಲ್ವಾ?’

ಗೊತ್ತಿರಲಿಲ್ಲ. ಗುಂಡಿಗೆ ನೀರು ಬೇಕು, ಉಪ್ಪು ಇದ್ದಿಲು ಹಸಿಯಿರಬೇಕು ಎಂದು ಕೆಲಸಕ್ಕೆ ಬಂದ ಪ್ರತಿಯೊಬ್ಬನಿಗೂ ಮೊದಲ ದಿನ ಹೇಳಿಕೊಟ್ಟವನು ನಾನು. ನನ್ನ ಮನೆಯ ಗುಂಡಿಗೆ ಒಂದು ಚೊಂಬು ನೀರು ಹಾಕಿದವನಲ್ಲ. ಗೃಹಪ್ರವೇಶದ ಸಂಜೆ ಅವಳಿಗೆ ಒಂದು ಮಾತು ಹೇಳಿದ್ದು ಈಗ ನೆನಪಾಗುತ್ತಿದೆ. ‘ಇದು ಒಣಗಬಾರದು, ದಿನಾ ಒಂದು ಕೊಡ ಹಾಕು.’ ಒಂದೇ ಸಲ ಹೇಳಿದ್ದೆ, ಕೆಲಸದವರಿಗೆ ಹೇಳುವ ಧಾಟಿಯಲ್ಲಿ. ಮತ್ತೆ ಕೇಳಲೂ ಇಲ್ಲ. ಅವಳು ಇಪ್ಪತ್ತೆರಡು ವರ್ಷ ಹಾಕಿದ್ದಾಳೆ.

ಇನ್ನೊಂದು ನೆನಪು. ನಲ್ಲಿಯಲ್ಲಿ ಮೂರು ದಿನಕ್ಕೊಮ್ಮೆ ನೀರು ಬರುತ್ತಿದ್ದ ಒಂದು ಬೇಸಿಗೆ. ಅವಳು ತುಂಬಿದ ಕೊಡ ಎತ್ತಿಕೊಂಡು ಅಂಗಳಕ್ಕೆ ಹೊರಟಿದ್ದಳು. ನೀರಿಲ್ಲದ ಕಾಲದಲ್ಲಿ ಕೊಡ ಹಿಡ್ಕೊಂಡು ಎಲ್ಲಿಗೆ ಎಂದು ರೇಗಿದ್ದೆ. ‘ನಿಮ್ಮ ಕೆಲಸಕ್ಕೇ,’ ಎಂದಿದ್ದಳು. ನಾನು ಪೇಪರಿನಿಂದ ತಲೆ ಎತ್ತಿರಲಿಲ್ಲ.

ಅವಳು ಹೋದ ಮೇಲೆ ಗುಂಡಿ ಒಣಗಿತು. ಉಳಿದ ಮಳೆನೀರನ್ನೂ ನಾನು ಟೈಲ್ಸ್ ಹಾಕಿ ತಡೆದೆ. ಮಗಳ ಕೈ ಜುಮ್ಮೆಂದರೆ ಚಪ್ಪಲಿ ಹಾಕಿಕೋ ಎಂದೆ. ಹಾಲೇಶ್ ಇದ್ದಾನೆ ಎನ್ನುವುದನ್ನೂ ಮರೆತು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಅತ್ತೆ. ಸ್ಮಶಾನದಲ್ಲೂ ಹೀಗೆ ಅತ್ತಿರಲಿಲ್ಲ.

ಹಾಲೇಶ್ ಗುಂಡಿಯ ಮುಚ್ಚಳ ಮುಚ್ಚಿದ. ಆಮೇಲೆ ಕೆಲಸದ ಮಾತು ಆಡಿದ. ಹಳೆಯ ಗುಂಡಿ ನೀರು ಕುಡಿದರೆ ಮನೆಗೆ ಸಾಕಾಗಬಹುದು. ವಾರದಲ್ಲಿ ಬಂದು ನೋಡುತ್ತಾನೆ. ಕಾರಿಗೆ ದಪ್ಪ ವೈರು, ಬೇರೆ ಪ್ಲಗ್ಗು, ಬೇರೆ ಗುಂಡಿ ಬೇಕೇ ಬೇಕು.

‘ಕೆಮಿಕಲ್ ಹಾಕ್ಲಾ ಅಣ್ಣಾ? ಉಪ್ಪು ಇದ್ದಿಲಾದ್ರೆ ದಿನಾ ನೀರು ಕೇಳುತ್ತೆ.’

‘ಉಪ್ಪು ಇದ್ದಿಲೇ ಹಾಕು,’ ಎಂದೆ.

ಮಾರ್ಚ್ 22, ಶನಿವಾರ

ಎರಡು ಕೊಡ ಹಾಕಿದೆ. ಸೊಂಟ ಹಿಡಿಯಿತು. ಅಟ್ಟದಿಂದ ಕವನ ಇಳಿಸಿಕೊಟ್ಟ ನನ್ನ ಹಳೆಯ ಬಲ್ಬು ಹಚ್ಚಿ ನೋಡಿದೆ, ಎಳೆ ಹಾಗೇ ಕೆಂಪು.

ಮಾರ್ಚ್ 24, ಸೋಮವಾರ

ಎರಡು ಕೊಡ. ನೀರು ಇಳಿಯುವ ಸದ್ದು ಬಹಳ ಹೊತ್ತು ಕೇಳುತ್ತದೆ. ಬಲ್ಬಿನ ಎಳೆ ಸ್ವಲ್ಪ ಹಳದಿ.

ಬೇಸಿಗೆಯಲ್ಲಿ ನೀರು ಸಾಲದಾಗ ಈಶ್ವರಿ ತನ್ನ ಪಾಲಿನದ್ದನ್ನೇ ಕಡಿಮೆ ಮಾಡಿಕೊಂಡಿರಬೇಕು.

ಮಾರ್ಚ್ 27, ಗುರುವಾರ

ಬಲ್ಬು ಬೆಳ್ಳಗೆ ಉರಿಯಿತು. ಕವನಳನ್ನು ಕೂಗಿ ತೋರಿಸಿದೆ. ವಾಷಿಂಗ್ ಮಷೀನಿನ ಮೇಲೆ ಮೊದಲು ನಾನು ಕೈ ಇಟ್ಟೆ, ಬರಿಗಾಲಲ್ಲಿ. ಜುಮ್ಮೆನ್ನಲಿಲ್ಲ. ಆಮೇಲೆ ಅವಳು ಇಟ್ಟಳು.

ಮಾರ್ಚ್ 30, ಭಾನುವಾರ, ಯುಗಾದಿ

ಹಾಲೇಶ್ ನಿನ್ನೆ ಕೆಲಸ ಮುಗಿಸಿದ. ಗೋಡೆಗೆ ಹೊಸ ಪ್ಲಗ್ಗು. ಟೈಲ್ಸ್ ಒಡೆಸಿ, ಈಶ್ವರಿಯ ಗುಂಡಿಯಿಂದ ಹತ್ತಡಿ ದೂರದಲ್ಲಿ ಹೊಸ ಗುಂಡಿ. ಕೊನೆಯ ಪದರದ ಉಪ್ಪನ್ನು ನಾನೇ ಹಾಕಿದೆ. ಕೈ ನಡುಗಿದರೂ ಉಪ್ಪು ಗುಂಡಿಗೇ ಬಿತ್ತು. ಚಾರ್ಜರ್ ಹಾಕಿದ ಕೂಡಲೇ ಹಸಿರು. ಈ ಸಲ ಕುರ್ಚಿ ಹಾಕಿಕೊಂಡು ಕಾಯಲಿಲ್ಲ, ಒಳಗೆ ಹೋಗಿ ಮಲಗಿದೆ. ಹಬ್ಬದ ಊಟಕ್ಕೆ ಹೆಂಡತಿಯನ್ನೂ ಕರೆದುಕೊಂಡು ಬಾ ಎಂದು ಅವನಿಗೆ ಹೇಳಿ ಕಳಿಸಿದ್ದೇನೆ. ಬರ್ತೀನಿ ಎಂದಿದ್ದಾನೆ.

ಟೈಲ್ಸಿನವನಿಗೂ ಬರಲು ಹೇಳಿದ್ದೇನೆ. ಬಾಗಿಲ ಮುಂದಿನ ನಾಲ್ಕು ಸಾಲು ಕಿತ್ತರೆ ರಂಗೋಲಿಗೆ ಜಾಗವಾದೀತು.

ಬೆಳಿಗ್ಗೆ ಸ್ನಾನ ಮಾಡಿ ಬಂದು ಕೊಡ ಎತ್ತಿಕೊಂಡೆ. ಕವನ ಅಡುಗೆಮನೆಯಲ್ಲಿ ಬೇವು ಬಿಡಿಸುತ್ತಿದ್ದಳು. ತಲೆ ಎತ್ತಿ ನೋಡಿದಳು.

‘ಹಬ್ಬದ ದಿನ ಕೊಡ ಹಿಡ್ಕೊಂಡು ಎಲ್ಲಿಗೆ ಅಪ್ಪಾ?’

‘ನಿಮ್ಮಮ್ಮನ ಕೆಲಸಕ್ಕೆ,’ ಎಂದೆ.

ಅವಳು ಬೇವು ಕೆಳಗಿಟ್ಟು, ಕುಂಕುಮದ ಬಟ್ಟಲು ತೆಗೆದುಕೊಂಡು ನನ್ನ ಹಿಂದೆ ಬಂದಳು.